ಒತ್ತಕ್ಷರಕ್ಕೆ ದುಡ್ಡಿಲ್ಲ

ಯಾರ ಮನೆಯಲ್ಲಿ ನೀರು ಕೊಟ್ಟರೂ
ಕುಡಿದು ಲೋಟ ಮಗುಚಿ ನೋಡುವ ಚಟ ನನಗೆ.
ದುರ್ಗಿಗುಡಿ, ವಿನೋಬನಗರ, ತುಂಗೆಯಾಚೆ ವಿದ್ಯಾನಗರ,
ಎಲ್ಲಾದರೊಂದು ಕಡೆ ಸಿಕ್ಕೇ ಸಿಗುತ್ತದೆ
ಚುಕ್ಕಿ ಚುಕ್ಕಿಯ, ಕೊಂಚ ಎಡಕ್ಕೆ ವಾಲಿದ ಬರಹ.
ಹೆಸರು ಆ ಮನೆಯವರದೇ. ಅಕ್ಷರ ನಮ್ಮಪ್ಪನದು.

ಗಾಂಧಿ ಬಜಾರಿನಲ್ಲಿ ಹತ್ತಡಿ ಅಗಲದ ಪಾತ್ರೆ ಅಂಗಡಿ.
ಬೋರ್ಡಿನ ಮೇಲೆ 'ಅಂಡ್ ಸನ್ಸ್' ಅಂತ ಬರೆಸಿದ್ದು ಅಜ್ಜ.
ನಾವು ಮೂವರೂ ಹೆಣ್ಣಾದ ಮೇಲೆ
ಪೇಂಟರ್ ದಸ್ತಗೀರ್ ಸಾಬರು ಏಣಿ ಹತ್ತಿ ನಿಂತೇ ಕೇಳಿದರಂತೆ,
ಅದೊಂದು ಅಳಿಸಿಬಿಡಲಾ ಅಂತ.
'ಇರಲಿ ಬಿಡಿ, ನಾನೂ ಒಬ್ಬ ಮಗನೇ ಅಲ್ವಾ' ಅಂದನಂತೆ ಅಪ್ಪ,
ಬಣ್ಣದ ದುಡ್ಡು ಉಳಿಸಿದ ಖುಷಿಯಲ್ಲಿ.

ಅಮ್ಮ ಮೆಗ್ಗಾನ್ ಆಸ್ಪತ್ರೆಯಲ್ಲಿ ನರ್ಸು, ಆರಕ್ಕೇ ಮನೆ ಬಿಡಬೇಕು.
ನಮ್ಮ ತಲೆ ಬಾಚಿದ್ದು ಅಪ್ಪನೇ.
ಪಾತ್ರೆ ಸೆಟ್ಟಿಗೆ ಪಾರ್ಸಲ್ ಹುರಿ ಬಿಗಿದ ಹಾಗೆ ಬಿಗಿದ ಆರು ಜಡೆ.
ಮಧ್ಯಾಹ್ನದವರೆಗೂ ಹುಬ್ಬು ಮೇಲೆಳೆದುಕೊಂಡೇ ಕೂತಿರುತ್ತಿದ್ದೆವು ಕ್ಲಾಸಿನಲ್ಲಿ.
ಬೈತಲೆ ಮಾತ್ರ ನೆಟ್ಟಗೆ,
ತಕ್ಕಡಿ ಮುಳ್ಳು ನಿಂತಂತೆ.

ಅಕ್ಷರಕ್ಕೆ ಎಂಟಾಣೆ. ಆಮೇಲೆ ರೂಪಾಯಿ. ಆಮೇಲೆ ಎರಡು.
ಒತ್ತಕ್ಷರಕ್ಕೆ ಮಾತ್ರ ಕೊನೆವರೆಗೂ ದುಡ್ಡಿಲ್ಲ.
'ಕಂಕುಳ ಕೂಸಿಗೆ ಬಸ್ಸಲ್ಲಿ ಟಿಕೆಟ್ ತಗೋತಾರಾ?' ಅನ್ನುತ್ತ
ಮಲ್ಲಮ್ಮನ ಲ ಕೆಳಗೆ ಇನ್ನೊಂದು ಲ ಕೂರಿಸುತ್ತಿದ್ದ,
ಮ ಕೆಳಗೆ ಮ.
ಚೌಕಾಸಿಗೆ ಬಂದವರ ಮುಂದೆ ಜಗ್ಗಿದ ಆಸಾಮಿಯಲ್ಲ.
ಹಳೆ ಹಿತ್ತಾಳೆ ತೂಗುವಾಗ
ಹಂಡೆಗೆ ಮೆತ್ತಿದ ಮಸಿಯ ತೂಕವನ್ನೂ ಕಳೆಯುತ್ತಿದ್ದ.
ಸಂತನಲ್ಲ. ವ್ಯಾಪಾರಿ.
ಉದ್ರಿ ಪುಸ್ತಕ ಬಿಚ್ಚಿದರೆ ಮಾತ್ರ ಹೆಸರೇ ಇಲ್ಲ:
'ನೀಲಿ ಸೀರೆ, ಹೊಸನಗರದ ಬಸ್ಸು, ನೂರಾ ನಲವತ್ತು.'
'ಪಾತ್ರೆ ಮೇಲೆ ಹಾಕಿದೀನಲ್ಲ ಹೆಸರು,
ಸಾಲದ ಮೇಲೆ ಬೇರೆ ಹಾಕ್ಬೇಕಾ?'
ಆ ದುಡ್ಡು ಬರಲಿಲ್ಲ. ಆ ಬಸ್ಸೂ ಈಗ ಓಡುತ್ತಿಲ್ಲ.

ಒಂದು ವೈಶಾಖ, ಮುರಿದ ಮದುವೆಯ ಪಾತ್ರೆ ವಾಪಸು ಬಂದವು,
ಒಂದೊಂದರ ಮೇಲೂ ಎರಡೆರಡು ಹೆಸರು.
ಹುಡುಗಿಯ ತಂದೆ ಗೋಣಿಚೀಲ ಇಳಿಸಿ ಮಾತಿಲ್ಲದೆ ನಿಂತರು.
ಅಪ್ಪ ದರ ಹೇಳಲಿಲ್ಲ, ಟೀ ತರಿಸಿದ.
ಶಟರ್ ಅರ್ಧ ಎಳೆದು ರಾತ್ರಿ ಹನ್ನೊಂದರವರೆಗೆ
ಹುಡುಗನ ಹೆಸರು ಉಜ್ಜಿ ಉಜ್ಜಿ ತೆಗೆದ.
ಉಜ್ಜಿದ ಜಾಗ ಮಂಕಾಗಿ ಕಂಡಿತು. ಅಲ್ಲೊಂದು ಹೂ ಕೊರೆದ,
ಐದೆಸಳಿನದು, ಒಂದೊಂದು ತಟ್ಟೆಯಲ್ಲಿ ಒಂದೊಂದು ಥರ ಸೊಟ್ಟ.
ಬುತ್ತಿ ತಂದಿದ್ದ ನಾನು ಕೇಳಿದೆ, ಹೂವಿಗೆ ಎಷ್ಟಪ್ಪ?
ಲೆಕ್ಕ ಹಾಕುವವನಂತೆ ಮಿಷನ್ ಆಫ್ ಮಾಡಿ ನನ್ನ ನೋಡಿದ.
'ಕರೆಂಟು ಹೋಗೋದ್ರೊಳಗೆ ಮುಗೀಬೇಕು, ಸುಮ್ನಿರು' ಅಂದ.

ಈಗ ಶಿವಗಣಾರಾಧನೆಗೆ ಮುನ್ನೂರು ಲೋಟ,
ಬಂದವರಿಗೆಲ್ಲ ಒಂದೊಂದು ಕೊಡಬೇಕು, ಹೆಸರು ಹಾಕಿ.
ಭದ್ರಾವತಿಯಲ್ಲಿ ಲೇಸರ್ ಇದೆ, ಅಚ್ಚಿನಂತೆ ಬರುತ್ತೆ, ಅಂದರು ಭಾವ.
ಅಮ್ಮ ಏನೂ ಹೇಳದೆ
ಅಂಗಡಿ ಬೀಗದಕೈ ತಂದು ನನ್ನ ಮುಂದಿಟ್ಟಳು.

ಮಿಷನ್ನು ಕಣಜದ ಹಾಗೆ ಗುಂಯ್‌ಗುಡುತ್ತದೆ ಅಂಗೈಯಲ್ಲಿ.
ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು ಅವನ ಹೆಬ್ಬೆರಳಿಗೆ ಸವೆದಿದೆ,
ನನ್ನದು ಅದರೊಳಗೆ ಜಾರುತ್ತದೆ.
ಮಾದರಿಗೆಂದು ಅಂಗಡಿಯೆಲ್ಲ ಹುಡುಕಿದೆ, ಅಡುಗೆಮನೆಯನ್ನೂ.
ಅಮ್ಮನ ಹೆಸರಿದೆ. ನಮ್ಮ ಮೂವರದೂ ಇದೆ.
ಎರಡೇ ತಿಂಗಳು ಬದುಕಿದ ತಮ್ಮನ ಹಾಲಿನ ಒಳಲೆಯ ಮೇಲೂ
ಒಂದಿದೆ, ಅಕ್ಕಿಕಾಳಿನಷ್ಟು.
ಅವನದು ಎಲ್ಲೂ ಇಲ್ಲ, ನೋಡಿ ಬರೆಯಲು.

ಮೊದಲ ಲೋಟದಲ್ಲಿ ಹಾಲೇಶಪ್ಪನ ದೀರ್ಘ ಜಾರಿ ಅಂಚು ದಾಟಿತು.
ಎರಡನೆಯದರಲ್ಲಿ ಶ ನಡುಗಿತು.
ಏಳನೆಯದಕ್ಕೋ ಎಂಟನೆಯದಕ್ಕೋ ಸಾಲು ಎಡಕ್ಕೆ ವಾಲಿತು, ತಾನಾಗಿ.
ಹಾ, ಲೇ, ಶ, ಪ: ನಾಲ್ಕಕ್ಷರ, ಮುನ್ನೂರು ಲೋಟ,
ಎರಡರಂತೆ ಎಷ್ಟಾಯಿತು ಅಂತ
ಬಾಯಿ ತನ್ನ ಪಾಡಿಗೆ ಲೆಕ್ಕ ಹಾಕುತ್ತಿದೆ,
ಪ ಕೆಳಗಿನ ಪ ಬಿಟ್ಟು.